ಮಕ್ಕಳಿಗಾಗಿ ಕಟ್ಟಿದ ಊರು, ಮಕ್ಕಳು ಬೆಳೆದ ಮೇಲೆ

ಬೆಳೆಯುತ್ತಿರುವ ಉಪನಗರವೊಂದರಲ್ಲಿ ನನಗೆ ಪರಿಚಯವಿದ್ದ ಒಂದು ಮನೆಯ ಮಹಡಿಯ ಕಿಟಕಿಯಿಂದ ಶಾಲೆಯ ಮೈದಾನ ಕಾಣುತ್ತಿತ್ತು. ಶಾಲೆಯ ಗಂಟೆ ಅಡುಗೆಮನೆಯವರೆಗೆ ಕೇಳಿಸುವಷ್ಟು ಹತ್ತಿರ. ಆದರೂ ಆ ಮನೆಯ ಎಂಟು ವರ್ಷದ ಹುಡುಗಿ ದಿನವೂ ಶಾಲೆಗೆ ಹೋಗುತ್ತಿದ್ದುದು ಕಾರಿನಲ್ಲಿ. ಹಿತ್ತಿಲ ಗೋಡೆಯ ಆಚೆಗೆ ಇನ್ನೊಂದು ಬಡಾವಣೆ, ಅದರ ಆಚೆಗೆ ಶಾಲೆ. ಎರಡು ಬಡಾವಣೆಗಳನ್ನು ಬೇರೆ ಬೇರೆಯವರು ಬೇರೆ ಬೇರೆ ವರ್ಷಗಳಲ್ಲಿ ಕಟ್ಟಿದ್ದರಿಂದ ಅವುಗಳ ನಡುವೆ ದಾರಿ ಬಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ನೇರವಾಗಿ ಅಳೆದರೆ ಮುನ್ನೂರು ಮೀಟರ್ ಇರಬಹುದಾದ ದೂರ, ಬಡಾವಣೆಯ ಹೆಬ್ಬಾಗಿಲಿನಿಂದ ಹೊರಬಿದ್ದು, ಮುಖ್ಯರಸ್ತೆ ಹಿಡಿದು, ಸಿಗ್ನಲ್‌ನಲ್ಲಿ ಕಾದು, ಮತ್ತೊಂದು ಹೆಬ್ಬಾಗಿಲು ಹೊಕ್ಕುವಷ್ಟರಲ್ಲಿ ಎರಡು ಕಿಲೋಮೀಟರ್ ದಾಟುತ್ತಿತ್ತು. ಆ ಊರಿನ ಬಗ್ಗೆ ಬರುತ್ತಿದ್ದ ಎಲ್ಲ ಜಾಹೀರಾತುಗಳಲ್ಲೂ ‘ಶಾಲೆಗೆ ಸಮೀಪ’ ಎಂಬ ಮಾತು ಇದ್ದೇ ಇರುತ್ತಿತ್ತು. ಅದು ಸುಳ್ಳೆಂದು ಹೇಳಲಾಗದು.

ಮಹಾನಗರದ ಅಂಚಿನಲ್ಲಿ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ, ‘ಮಕ್ಕಳನ್ನು ಬೆಳೆಸಲು ಒಳ್ಳೆಯ ಜಾಗ’ ಎಂದು ಹೆಸರು ಪಡೆಯುವ ಊರುಗಳು ಈಗ ಎಲ್ಲ ಖಂಡಗಳಲ್ಲೂ ಇವೆ. ವಿಶ್ವಸಂಸ್ಥೆಯ 2018ರ ಅಂದಾಜಿನಂತೆ ಜಗತ್ತಿನ ಶೇ 55ರಷ್ಟು ಜನ ನಗರವಾಸಿಗಳಾಗಿದ್ದರು. 2050ರ ಹೊತ್ತಿಗೆ ಈ ಪ್ರಮಾಣ ಶೇ 68ಕ್ಕೆ ಏರಲಿದೆ. ಹೀಗೆ ಸೇರಿಕೊಳ್ಳುವವರಲ್ಲಿ ಬಹುಪಾಲು ಜನ ನೆಲೆಸುವುದು ನಗರದ ಹಳೆಯ ನಡುಭಾಗದಲ್ಲಲ್ಲ, ಅದರ ಹೊರ ಅಂಚಿನಲ್ಲಿ. ಆದುದರಿಂದ ಉಪನಗರದ ಬದುಕು ಹೇಗಿರುತ್ತದೆ ಎಂಬುದು ಮನೆ ಕೊಳ್ಳುವವರಿಗಷ್ಟೇ ಸಂಬಂಧಪಟ್ಟ ಪ್ರಶ್ನೆಯಾಗಿ ಉಳಿದಿಲ್ಲ. ಇಂಥ ಊರುಗಳನ್ನು ಹೊಗಳುವವರೂ ತೆಗಳುವವರೂ ಒಂದು ಅಂಶವನ್ನು ಕಡೆಗಣಿಸುತ್ತಾರೆ ಎಂಬುದು ನನ್ನ ವಾದ. ಕುಟುಂಬಸ್ನೇಹಿ ಎನ್ನಿಸಿಕೊಂಡ ಊರು ಸಾಮಾನ್ಯವಾಗಿ ಕುಟುಂಬದ ಬಾಳಿನ ಒಂದೇ ಒಂದು ಹಂತಕ್ಕೆ, ಅಂದರೆ ಮಗುವಿಗೆ ಮೂರರಿಂದ ಹನ್ನೆರಡು ವರ್ಷವಾಗುವ ಅವಧಿಗೆ, ಅಳತೆ ತೆಗೆದು ಹೊಲಿದ ಅಂಗಿಯಂತಿರುತ್ತದೆ. ಅಂಗಿ ಚೆನ್ನಾಗಿಯೇ ಇದೆ. ತೊಟ್ಟವರು ಮಾತ್ರ ಬೆಳೆಯುತ್ತಲೇ ಇರುತ್ತಾರೆ.

ಮೊದಲು ಹೊಗಳಿಕೆಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ಉಪನಗರಕ್ಕೆ ಹೋಗುವವರು ಮೋಸಹೋದವರೆಂಬಂತೆ ಬರೆಯುವ ಒಂದು ರೂಢಿ ಇದೆ, ಅದು ನನಗೆ ಒಪ್ಪಿಗೆಯಿಲ್ಲ. ಎರಡನೆಯ ಮಗು ಹುಟ್ಟಿದ ಮೇಲೆ ಒಂದು ಕೋಣೆ ಹೆಚ್ಚಿಗೆ ಬೇಕಾಗುತ್ತದೆ. ನಗರದ ನಡುವೆ ಆ ಒಂದು ಕೋಣೆಗೆ ಕೊಡಬೇಕಾದ ಹಣದಲ್ಲಿ ಅಂಚಿನ ಊರಿನಲ್ಲಿ ಇಡೀ ಮನೆಯೇ ಸಿಗುತ್ತದೆ. ರಾತ್ರಿ ಸದ್ದಿರುವುದಿಲ್ಲ, ಮನೆ ಮುಂದೆ ಗಿಡ ನೆಡಬಹುದು, ಉದ್ಯಾನದ ಜಾರುಬಂಡೆಯ ಬಣ್ಣ ಇನ್ನೂ ಮಾಸಿರುವುದಿಲ್ಲ. ಇದಕ್ಕಿಂತ ದೊಡ್ಡದಾದ, ಆದರೆ ಯಾವ ಜಾಹೀರಾತಿನಲ್ಲೂ ಬರದ ಒಂದು ಲಾಭವಿದೆ: ಅಲ್ಲಿ ಎಲ್ಲರೂ ಹೊಸಬರು. ಹಳೆಯ ಊರಿಗೆ ಬಂದವನು ಆಗಲೇ ಗಟ್ಟಿಯಾಗಿ ಹೆಣೆದುಕೊಂಡ ಬಳಗಗಳ ಹೊರಗೆ ವರ್ಷಗಟ್ಟಲೆ ನಿಲ್ಲಬೇಕಾಗಬಹುದು. ಹೊಸ ಬಡಾವಣೆಯಲ್ಲಿ ಎಲ್ಲರಿಗೂ ಒಟ್ಟಿಗೇ ಸ್ನೇಹದ ಅಗತ್ಯವಿರುತ್ತದೆ. ಜ್ವರ ಬಂದ ಮಗುವನ್ನು ನೋಡಿಕೊಳ್ಳಲು ತವರಿನವರಾಗಲಿ ಅತ್ತೆಮನೆಯವರಾಗಲಿ ಹತ್ತಿರವಿಲ್ಲದ ಎರಡು ಮನೆಗಳು ಆರು ತಿಂಗಳೊಳಗೆ ಒಂದರ ಬೀಗದ ಕೈಯನ್ನು ಇನ್ನೊಂದಕ್ಕೆ ಕೊಟ್ಟಿರುತ್ತವೆ. ಮಕ್ಕಳೇ ಇಲ್ಲಿ ಪರಿಚಯಪತ್ರ. ತಾಯಂದಿರ ಹೆಸರು ಗೊತ್ತಿಲ್ಲದೆ ‘ಇಂಥವಳ ಅಮ್ಮ’ ಎಂದೇ ಒಬ್ಬರನ್ನೊಬ್ಬರು ವರ್ಷಗಳ ಕಾಲ ಕರೆದುಕೊಂಡವರನ್ನು ನಾನು ನೋಡಿದ್ದೇನೆ. ಮಕ್ಕಳಿಲ್ಲದವರಿಗೆ, ಒಂಟಿಯಾಗಿರುವವರಿಗೆ ಇದೇ ಊರು ಎಷ್ಟು ಮುಚ್ಚಿದ ಬಾಗಿಲಾಗಿ ಕಾಣಬಹುದು ಎಂಬುದನ್ನೂ ಇದರಿಂದಲೇ ಊಹಿಸಬಹುದು.

ಈ ಬಗೆಯ ಊರಿನ ಕಲ್ಪನೆ ತಾನಾಗಿ ಹುಟ್ಟಿದ್ದಲ್ಲ. 1898ರಲ್ಲಿ ಇಂಗ್ಲೆಂಡಿನ ಎಬೆನೇಜರ್ ಹೊವಾರ್ಡ್ ಎಂಬ, ವೃತ್ತಿಯಿಂದ ಶೀಘ್ರಲಿಪಿಕಾರನಾಗಿದ್ದ ವ್ಯಕ್ತಿ, ಹಳ್ಳಿಯ ಗಾಳಿಯೂ ನಗರದ ಉದ್ಯೋಗವೂ ಒಂದೇ ಕಡೆ ಸಿಗುವಂಥ, ಸುಮಾರು 32,000 ಜನಸಂಖ್ಯೆಯ ‘ಉದ್ಯಾನ ನಗರ’ದ ನಕ್ಷೆಯನ್ನು ಮುಂದಿಟ್ಟ. ಅದರಂತೆ 1903ರಲ್ಲಿ ಲೆಚ್‌ವರ್ತ್, 1920ರಲ್ಲಿ ವೆಲ್ವಿನ್ ಎಂಬ ಊರುಗಳು ಲಂಡನ್ನಿನ ಉತ್ತರಕ್ಕೆ ತಲೆಯೆತ್ತಿದವು. ಮರಗಿಡ ತುಂಬಿದ ಬೀದಿಗಳ ಚಿತ್ರವನ್ನು ಜಗತ್ತು ಅವನಿಂದ ಪಡೆದುಕೊಂಡಿತು. ಆದರೆ ಯೋಜನೆಯ ಜೀವಾಳವಾಗಿದ್ದ ಇನ್ನೊಂದು ಅಂಶವನ್ನು ಹೆಚ್ಚಿನ ಕಡೆ ಕೈಬಿಟ್ಟಿತು. ನೆಲ ಇಡೀ ಊರಿನ ಸ್ವತ್ತಾಗಿರಬೇಕು, ಊರು ಬೆಳೆದಂತೆ ಏರುವ ಅದರ ಬೆಲೆ ಊರಿನ ಸೌಲಭ್ಯಗಳಿಗೇ ಮರಳಬೇಕು ಎಂಬುದು ಆ ಅಂಶ. ಮುಂದೆ ಹಣಕಾಸಿನ ಮಾತು ಬಂದಾಗ ಇದು ಮತ್ತೆ ನೆನಪಿಗೆ ಬರುತ್ತದೆ.

ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ಪ್ರಕಟಿಸಿದ ‘ನೆರೆಹೊರೆ ಘಟಕ’ದ ಕಲ್ಪನೆಯಲ್ಲಿ ಪ್ರಾಥಮಿಕ ಶಾಲೆಯೇ ನಡುಬಿಂದು. ಯಾವ ಮನೆಯಿಂದಲೂ ಶಾಲೆಗೆ ಸುಮಾರು 400 ಮೀಟರಿಗಿಂತ ಹೆಚ್ಚು ದೂರವಿರಕೂಡದು. ವಾಹನಗಳ ದಟ್ಟಣೆಯ ರಸ್ತೆಗಳು ಘಟಕದ ಹೊರ ಅಂಚಿನಲ್ಲಿ ಇರಬೇಕೇ ಹೊರತು ಅದರ ನಡುವೆ ಹಾಯಬಾರದು. ಮಗುವಿನ ಕಾಲಳತೆಯನ್ನು ಊರಿನ ಅಳತೆಗೋಲಾಗಿ ಮಾಡಿದ ಈ ಯೋಚನೆಯಲ್ಲಿ ಪೆರಿಯ ಮರ್ಮವೆಲ್ಲ ಇದೆ. ಅನುಕರಿಸಿದವರು ಉಳಿಸಿಕೊಂಡದ್ದು ಎರಡನೆಯ ಅರ್ಧವನ್ನು ಮಾತ್ರ. ಹೊರಗಿನ ವಾಹನ ಒಳಗೆ ಬಾರದಂತೆ ಬೀದಿಗಳಿಗೆ ಕೊನೆಯಲ್ಲಿ ತಡೆ ಹಾಕಿದರು. ಶಾಲೆಯನ್ನು ಅಗ್ಗದ ನೆಲ ಸಿಕ್ಕ ಕಡೆ ಕಟ್ಟಿದರು. ಮುಂದೆ ದಾರಿಯಿಲ್ಲದ ಬೀದಿ ಚಿಕ್ಕ ಮಗು ಸೈಕಲ್ ಕಲಿಯುವುದಕ್ಕೆ ಸುರಕ್ಷಿತ ಜಾಗ; ಕಲಿತ ಸೈಕಲ್ಲಿನಲ್ಲಿ ಎಲ್ಲಿಗಾದರೂ ಹೋಗುವುದಕ್ಕೆ ಮಾತ್ರ ಅಲ್ಲಿ ದಾರಿಯೇ ಇಲ್ಲ.

ಎರಡನೆಯ ಮಹಾಯುದ್ಧದ ನಂತರ ವೇಗವೂ ಸೇರಿಕೊಂಡಿತು. ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್‌ನಲ್ಲಿ 1947ರಿಂದ 1951ರ ನಡುವೆ ಹದಿನೇಳು ಸಾವಿರಕ್ಕೂ ಹೆಚ್ಚು ಮನೆಗಳು, ಕಾರ್ಖಾನೆಯ ಸರಕಿನಂತೆ, ಒಂದೇ ಅಚ್ಚಿನಲ್ಲಿ ಎದ್ದವು. ಯುದ್ಧದಿಂದ ಮರಳಿದ ಯುವ ಸೈನಿಕರ ಸಂಸಾರಗಳಿಗೆ ಅದು ದೊಡ್ಡ ಆಸರೆಯಾಯಿತು. ಕಪ್ಪು ಜನರಿಗೆ ಮಾತ್ರ ಒಪ್ಪಂದಪತ್ರದಲ್ಲೇ ಪ್ರವೇಶ ನಿರಾಕರಿಸಲಾಗಿತ್ತು. ‘ಕುಟುಂಬ’ ಎಂಬ ಪದ ಯಾರ ಕುಟುಂಬವನ್ನು ಸೂಚಿಸುತ್ತದೆ ಎಂಬ ಪ್ರಶ್ನೆ ಹೀಗೆ ಉಪನಗರದ ಆರಂಭದಿಂದಲೂ ಅದರ ಬೆನ್ನಿಗಿದೆ. ಬಾಡಿಗೆ ಮನೆಗಳನ್ನೂ ಚಿಕ್ಕ ಮನೆಗಳನ್ನೂ ನಿಯಮದಿಂದಲೇ ದೂರವಿಡುವ ಊರುಗಳಲ್ಲಿ, ಬೇಲಿಯ ರೂಪ ಬದಲಾಗಿದ್ದರೂ, ಇಂದಿಗೂ ಆ ಪ್ರಶ್ನೆ ಉಳಿದಿದೆ.

ಈಗ ದಿನಚರಿಗೆ ಬರೋಣ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಗಮನ ಸೆಳೆದ ಸಂಗತಿಯೊಂದಿದೆ: ನಡಿಗೆಯ ಕಾಲವಾಗಲಿ ಕಾರಿನ ಕಾಲವಾಗಲಿ, ಜನರು ಸರಾಸರಿಯಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯನ್ನು ಓಡಾಟಕ್ಕೆ ವ್ಯಯಿಸುತ್ತಾರೆ, ವೇಗ ಹೆಚ್ಚಿದರೆ ಉಳಿದ ಸಮಯವನ್ನು ಮನೆಯಲ್ಲಿ ಕಳೆಯುವ ಬದಲು ಇನ್ನೂ ದೂರ ಹೋಗಿ ನೆಲೆಸುತ್ತಾರೆ. ಉಪನಗರ ಹುಟ್ಟುವುದೇ ಈ ಒಂದು ಗಂಟೆಯ ಲೆಕ್ಕದ ಮೇಲೆ. ಊರು ಬೆಳೆದಂತೆ ಲೆಕ್ಕ ತಪ್ಪುತ್ತದೆ. ಮೊದಲು ಬಂದವರು ಖಾಲಿ ಹೆದ್ದಾರಿಯಲ್ಲಿ ಇಪ್ಪತ್ತೈದು ನಿಮಿಷಕ್ಕೆ ಕಚೇರಿ ಸೇರಿದ್ದನ್ನು ನೋಡಿ ಇನ್ನಷ್ಟು ಜನ ಬರುತ್ತಾರೆ, ಇಪ್ಪತ್ತೈದು ನಲವತ್ತಾಗುತ್ತದೆ, ರಸ್ತೆ ಅಗಲಿಸುತ್ತಾರೆ, ಅಗಲಿಸಿದ ರಸ್ತೆಯ ಭರವಸೆಯಲ್ಲಿ ಮತ್ತೊಂದು ಬಡಾವಣೆ ಏಳುತ್ತದೆ. ಹೆದ್ದಾರಿಯ ದಟ್ಟಣೆ ಅದರ ಸಾಮರ್ಥ್ಯದ ಮಟ್ಟಕ್ಕೆ ಏರಿಯೇ ತೀರುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ರಸ್ತೆಯ ಉದ್ದ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವಾಹನಗಳ ಓಡಾಟವೂ ಹೆಚ್ಚುತ್ತದೆಂದು ತೋರಿಸಿತು.

ಹೋಗುವುದಕ್ಕೆ ನಲವತ್ತೈದು ನಿಮಿಷ, ಬರುವುದಕ್ಕೆ ನಲವತ್ತೈದು ನಿಮಿಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 220 ಕೆಲಸದ ದಿನಗಳಾದರೆ 330 ಗಂಟೆ. ಎಂಟು ಗಂಟೆಯ ದುಡಿಮೆಯ ದಿನಗಳಾಗಿ ಎಣಿಸಿದರೆ ನಲವತ್ತೊಂದಕ್ಕೂ ಹೆಚ್ಚು ದಿನ. ಮಕ್ಕಳಿಗಾಗಿ ಕೊಂಡ ಮನೆಯ ಬೆಲೆಯ ಒಂದು ಪಾಲನ್ನು ಹೀಗೆ ಮಕ್ಕಳೊಡನೆ ಇರಬಹುದಾಗಿದ್ದ ಗಂಟೆಗಳಲ್ಲಿ ಕಟ್ಟಲಾಗುತ್ತದೆ, ಮತ್ತು ಗೃಹಸಾಲದ ಕಂತಿಗಿರುವಂತೆ ಇದಕ್ಕೆ ಮುಗಿಯುವ ತಾರೀಖು ಇರುವುದಿಲ್ಲ. ದೂರ ಹೋಗುವವರು ಒಬ್ಬರಾದರೆ, ಹತ್ತಿರದಲ್ಲೇ ಉಳಿದು ಶಾಲೆ, ಈಜು, ದಂತವೈದ್ಯ, ಗೆಳತಿಯ ಹುಟ್ಟುಹಬ್ಬ ಎಂದು ದಿನಕ್ಕೆ ನಾಲ್ಕು ಸಲ ಕಾರಿನ ಕೀಲಿ ತಿರುಗಿಸುವವರು ಇನ್ನೊಬ್ಬರು. ಬಹುತೇಕ ಸಂಸಾರಗಳಲ್ಲಿ ಆ ಎರಡನೆಯವರು ತಾಯಿ. ಅರ್ಹತೆಗೆ ತಕ್ಕ ಕೆಲಸ ಬಿಟ್ಟು ಮನೆಗೆ ಹತ್ತಿರದ ಅರೆಕಾಲಿಕ ಕೆಲಸ ಹಿಡಿದದ್ದಕ್ಕೆ ಅವರು ಕೊಡುವ ಕಾರಣ ಸಂಬಳವಾಗಿರುವುದಿಲ್ಲ, ಮಧ್ಯಾಹ್ನ ಮೂರು ಗಂಟೆಗೆ ಬಾರಿಸುವ ಶಾಲೆಯ ಗಂಟೆಯಾಗಿರುತ್ತದೆ. ಮನೆಯಿಂದಲೇ ದುಡಿಯುವ ಪದ್ಧತಿ ಕೋವಿಡ್ ನಂತರ ಹಲವರ ಈ ಹೊರೆಯನ್ನು ನಿಜವಾಗಿಯೂ ಇಳಿಸಿದೆ. ಆದರೆ ದಾದಿ, ಚಾಲಕ, ಅಂಗಡಿಯ ನೌಕರ ಮುಂತಾದವರಿಗೆ ಆ ಸೌಲಭ್ಯ ತಲುಪುವುದಿಲ್ಲ.

ಮಕ್ಕಳ ಕಡೆಯಿಂದ ನೋಡಿದರೆ ನಷ್ಟ ಬೇರೆ ಬಗೆಯದು. ಮೇಯರ್ ಹಿಲ್ಮನ್ ಎಂಬ ಬ್ರಿಟಿಷ್ ಸಂಶೋಧಕ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಹಾಗೆ ಹೋಗುತ್ತಿದ್ದವರು ಶೇ 9 ಮಾತ್ರ. ಅಮೆರಿಕದಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಲ್ಲಿ ನಡೆದೋ ಸೈಕಲ್ ಮೇಲೋ ಶಾಲೆಗೆ ಹೋಗುವವರ ಪ್ರಮಾಣ 1969ರಲ್ಲಿ ಸುಮಾರು ಶೇ 48 ಇದ್ದದ್ದು 2009ರಲ್ಲಿ ಸುಮಾರು ಶೇ 13ಕ್ಕೆ ಇಳಿಯಿತು. ಇದಕ್ಕೆ ಉಪನಗರವೊಂದೇ ಕಾರಣವಲ್ಲ. ಆದರೂ ಇಲ್ಲಿ ಒಂದು ವಿಚಿತ್ರ ಚಕ್ರವಿದೆ: ವಾಹನಗಳಿಗೆ ಹೆದರಿ ತಂದೆತಾಯಿ ಮಗುವನ್ನು ಕಾರಿನಲ್ಲಿ ಬಿಡುತ್ತಾರೆ, ಆ ಕಾರೇ ಪಕ್ಕದ ಮನೆಯ ಮಗುವಿನ ಪಾಲಿಗೆ ಹೆದರಬೇಕಾದ ವಾಹನವಾಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಇಂಥ ಊರಿನ ಶಾಲೆಯೊಂದರ ಗೇಟಿನ ಮುಂದೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ. ಎಂಜಿನ್ ಆರಿಸದೆ ಸಾಲುಗಟ್ಟಿದ ಕಾರುಗಳು, ಫುಟ್‌ಪಾತ್ ಮೇಲೆ ಅರ್ಧ ಹತ್ತಿಸಿ ನಿಲ್ಲಿಸಿದ ಒಂದೆರಡು, ಅವುಗಳ ಸಂದಿಯಲ್ಲಿ ಬ್ಯಾಗು ಎದೆಗವುಚಿಕೊಂಡು ನುಸುಳುವ ನಡೆದುಬಂದ ಮಗು.

ಬೀದಿಯ ವಾಹನಸಂಖ್ಯೆ ನೆರೆಹೊರೆಯ ಸ್ನೇಹವನ್ನೇ ಬದಲಿಸಬಲ್ಲದು ಎಂಬುದಕ್ಕೂ ಆಧಾರವಿದೆ. ನಗರ ವಿನ್ಯಾಸಕ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿದಾಗ, ದಿನಕ್ಕೆ ಸುಮಾರು 2,000 ವಾಹನಗಳು ಓಡಾಡುವ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರೆ, ಸುಮಾರು 16,000 ವಾಹನಗಳ ಬೀದಿಯಲ್ಲಿ ಆ ಸಂಖ್ಯೆ ಒಂದಕ್ಕಿಂತಲೂ ಕಡಿಮೆಯಿತ್ತು. ವೇಗದ ಲೆಕ್ಕ ಇನ್ನೂ ನೇರ. ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಗಂಟೆಗೆ 50 ಕಿಲೋಮೀಟರ್ ಇದ್ದದ್ದನ್ನು 30ಕ್ಕೆ ಇಳಿಸಿದರೆ ಅದರ ಶಕ್ತಿ ಮೂರನೆಯ ಒಂದು ಭಾಗದ ಆಸುಪಾಸಿಗೆ ಕುಸಿಯುತ್ತದೆ. ಬಡಾವಣೆಯ ಬೀದಿಯನ್ನು ಹೆದ್ದಾರಿಯಷ್ಟು ಅಗಲ ಮಾಡಿ, ಆಮೇಲೆ ‘ನಿಧಾನವಾಗಿ ಚಲಿಸಿ, ಮಕ್ಕಳಿದ್ದಾರೆ’ ಎಂದು ಫಲಕ ನೆಡುವುದಕ್ಕಿಂತ ಬೀದಿಯನ್ನೇ ಕಿರಿದಾಗಿಸುವುದು ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು.

ಚಿಕ್ಕ ಮಕ್ಕಳ ವಿಷಯದಲ್ಲಿ ಈ ಕೊರತೆಯನ್ನು ತಂದೆತಾಯಿಯ ಕಾರು ಹೇಗೋ ತುಂಬಿಕೊಡುತ್ತದೆ. ಹದಿನಾಲ್ಕರ ವಯಸ್ಸಿನಲ್ಲಿ ಅದು ಸಾಲದಾಗುತ್ತದೆ. ಜೋಕಾಲಿಗೆ ದೊಡ್ಡವನಾದ, ವಾಹನ ಓಡಿಸುವ ಪರವಾನಗಿಗೆ ಚಿಕ್ಕವನಾದ ಹುಡುಗನಿಗೆ ಕುಟುಂಬಸ್ನೇಹಿ ಊರಿನಲ್ಲಿ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಸಂಜೆ ಉದ್ಯಾನದ ಬೆಂಚಿನಲ್ಲಿ ನಾಲ್ವರು ಕುಳಿತರೆ ನಿವಾಸಿಗಳ ಸಂಘಕ್ಕೆ ದೂರು ಹೋಗುತ್ತದೆ. ಐದು ವರ್ಷದ ಹಿಂದೆ ಅದೇ ನಾಲ್ವರು ಅದೇ ಉದ್ಯಾನದಲ್ಲಿ ಕೂಗಾಡಿ ಆಡುತ್ತಿದ್ದಾಗ ದೂರು ಕೊಟ್ಟವರೇ ನಿಂತು ನೋಡಿ ನಕ್ಕಿರುತ್ತಾರೆ. ‘ಇಲ್ಲಿ ಮಾಡುವುದಕ್ಕೆ ಏನೂ ಇಲ್ಲ’ ಎಂಬ ಹದಿಹರೆಯದವರ ದೂರನ್ನು ದೊಡ್ಡವರು ಸೋಮಾರಿತನವೆಂದು ತಿಳಿಯುತ್ತಾರೆ. ಆ ಮಾತಿನ ಅರ್ಥ ‘ಯಾರನ್ನೂ ಕೇಳದೆ ನಾನೇ ಹೋಗಬಹುದಾದ ಜಾಗ ಒಂದೂ ಇಲ್ಲ’ ಎಂದು. ಬೆಳೆಯುವ ಊರುಗಳು ಆಟದ ಉದ್ಯಾನಗಳನ್ನು ಎಣಿಸಿ ಹೇಳಿಕೊಳ್ಳುವಷ್ಟು ಉತ್ಸಾಹದಿಂದ ತಡಸಂಜೆಯ ಬಸ್ಸುಗಳನ್ನು ಎಣಿಸಿ ಹೇಳಿಕೊಂಡದ್ದನ್ನು ನಾನು ಕಂಡಿಲ್ಲ.

ಇನ್ನು ಊರಿನ ಜಮಾಖರ್ಚು. ಹೊಸ ಬಡಾವಣೆ ಬಂದಾಗ ಸ್ಥಳೀಯ ಸಂಸ್ಥೆಗೆ ಶುಲ್ಕ ಬರುತ್ತದೆ, ಆಸ್ತಿ ತೆರಿಗೆ ಕಟ್ಟುವವರು ಹೆಚ್ಚುತ್ತಾರೆ. ರಸ್ತೆ, ನೀರಿನ ಕೊಳವೆ, ಒಳಚರಂಡಿಗಳನ್ನು ಬಹುಮಟ್ಟಿಗೆ ಬಡಾವಣೆ ಕಟ್ಟಿದವರೇ ಹಾಕಿ ಒಪ್ಪಿಸಿರುತ್ತಾರೆ. ಮೊದಲ ಹದಿನೈದು ವರ್ಷ ದುರಸ್ತಿಯ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ತೆರಿಗೆ ಕಡಿಮೆ, ಸೌಲಭ್ಯ ಹೊಸದು. ಆಡಳಿತದ ಜಾಣ್ಮೆಯಿಂದ ಹೀಗಾಗಿದೆ ಎಂದು ಎಲ್ಲರೂ ನಂಬುತ್ತಾರೆ. ಆಮೇಲೆ ಡಾಂಬರು ಏಳುತ್ತದೆ, ಪಂಪು ಕೆಡುತ್ತದೆ, ಒಂದೇ ವರ್ಷ ಹೂತ ಕೊಳವೆಗಳೆಲ್ಲ ಒಂದೇ ದಶಕದಲ್ಲಿ ಸೋರತೊಡಗುತ್ತವೆ. ಆ ಖರ್ಚಿಗೆ ಮುಂದಿನ ಹೊಸ ಬಡಾವಣೆಯ ಶುಲ್ಕವೇ ಗತಿ. ಹೀಗೆ ಬೆಳವಣಿಗೆ ನಿಲ್ಲುವವರೆಗೆ ಕೊರತೆ ಕಾಣಿಸುವುದೇ ಇಲ್ಲ.

ಮನೆಗಳು ಎಷ್ಟು ಹರಡಿಕೊಂಡಿವೆ ಎಂಬುದು ಇಲ್ಲಿ ನಿರ್ಣಾಯಕ. ನೂರು ಮೀಟರ್ ಉದ್ದದ ಬೀದಿಯ ಎರಡೂ ಬದಿಯಲ್ಲಿ ಇಪ್ಪತ್ತು ಮೀಟರ್ ಅಗಲದ ನಿವೇಶನಗಳಿದ್ದರೆ ಹತ್ತು ಮನೆಗಳಾಗುತ್ತವೆ, ಪ್ರತಿ ಮನೆಯ ಪಾಲಿಗೆ ಹತ್ತು ಮೀಟರ್ ರಸ್ತೆ, ಹತ್ತು ಮೀಟರ್ ಕೊಳವೆ. ನಿವೇಶನದ ಅಗಲ ಹತ್ತು ಮೀಟರ್ ಆದರೆ ಮನೆಗಳು ಇಪ್ಪತ್ತು, ಪಾಲು ಅರ್ಧ. ದೊಡ್ಡ ನಿವೇಶನದ ನೆಮ್ಮದಿಯನ್ನು ಬಯಸುವುದು ತಪ್ಪಲ್ಲ. ಅದರ ಮುಂದಿನ ಐವತ್ತು ವರ್ಷಗಳ ಬಿಲ್ಲನ್ನು ಮಾರಾಟದ ದಿನ ಯಾರೂ ತೋರಿಸುವುದಿಲ್ಲ ಎಂಬುದಷ್ಟೇ ತಕರಾರು. ಹೊವಾರ್ಡ್ ನೆನಪಾಗುವುದು ಇಲ್ಲಿಯೇ. ಊರು ಬೆಳೆದಂತೆ ನೆಲದ ಬೆಲೆ ಏರಿತು, ಏರಿದ ಲಾಭ ಮೊದಲು ನೆಲ ಕೊಂಡವರ ಕೈಸೇರಿತು. ಕೊಳವೆ ಮಾತ್ರ ಊರಿನ ಪಾಲಿಗೆ ಉಳಿಯಿತು.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ವಯಸ್ಸಿನ ಅಲೆಯ ಬಗ್ಗೆ. ಐದು ಸಾವಿರ ಮನೆಗಳು ಮೂರು ವರ್ಷದೊಳಗೆ ತುಂಬಿದವೆನ್ನಿ. ಕೊಂಡವರೆಲ್ಲ ಹೆಚ್ಚುಕಡಿಮೆ ಮೂವತ್ತರ ಆಸುಪಾಸಿನವರು, ಅವರ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಶಾಲೆಯ ಒಂದನೆಯ ತರಗತಿ ಉಕ್ಕಿ ಹರಿಯುತ್ತದೆ, ಮೈದಾನದಲ್ಲಿ ತಗಡಿನ ತಾತ್ಕಾಲಿಕ ಕೋಣೆಗಳು ಬರುತ್ತವೆ, ಅವು ಹತ್ತು ವರ್ಷ ತಾತ್ಕಾಲಿಕವಾಗಿಯೇ ಉಳಿಯುತ್ತವೆ. ಹೊಸ ಕಟ್ಟಡಕ್ಕೆ ಹಣ ಮಂಜೂರಾಗಿ, ಕಟ್ಟಿ ಮುಗಿಸುವಷ್ಟರಲ್ಲಿ ಅಲೆ ಪ್ರೌಢಶಾಲೆಗೆ ಸಾಗಿರುತ್ತದೆ. ಇಪ್ಪತ್ತು ವರ್ಷದ ನಂತರ ಮಕ್ಕಳು ಕೆಲಸಕ್ಕೆಂದು ಊರು ಬಿಡುತ್ತಾರೆ, ತಂದೆತಾಯಿ ಅಲ್ಲೇ ಉಳಿಯುತ್ತಾರೆ. ಮನೆಯ ಬೆಲೆ ಏರಿರುವುದರಿಂದ ಮೂವತ್ತರ ಹೊಸ ದಂಪತಿ ಅಲ್ಲಿ ಕೊಳ್ಳಲಾರದೆ ಇನ್ನೂ ಆಚೆಯ ಬಡಾವಣೆಗೆ ಹೋಗುತ್ತಾರೆ. ಜಪಾನಿನ ಅನುಭವ ಇದಕ್ಕೆ ಸ್ಪಷ್ಟ ನಿದರ್ಶನ. ಒಸಾಕಾ ಬಳಿಯ ಸೆನ್ರಿ ಹೊಸನಗರಕ್ಕೆ 1962ರಲ್ಲಿ, ಟೋಕಿಯೊದ ಪಶ್ಚಿಮದ ತಾಮಾ ಹೊಸನಗರಕ್ಕೆ 1971ರಲ್ಲಿ ಮೊದಲ ಸಂಸಾರಗಳು ಬಂದವು. ಯುವ ಕುಟುಂಬಗಳಿಗೆಂದೇ ಕಟ್ಟಿದ ತಾಮಾದಲ್ಲಿ ಮುಂದೆ ಮಕ್ಕಳಿಲ್ಲದೆ ಶಾಲೆಗಳನ್ನು ಮುಚ್ಚಬೇಕಾಯಿತು. ಹಳೆಯ ಭಾಗಗಳ ಲಿಫ್ಟ್ ಇಲ್ಲದ ಐದು ಮಹಡಿಯ ಕಟ್ಟಡಗಳು, ಬಂದಾಗ ಮೆಟ್ಟಿಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳದವರಿಗೆ, ವೃದ್ಧಾಪ್ಯದಲ್ಲಿ ದಿನದ ಪರೀಕ್ಷೆಯಾದವು. ಕಾರನ್ನೇ ನಂಬಿದ ಊರಿನಲ್ಲಿ ಇದೇ ಪರೀಕ್ಷೆ ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟ ದಿನ ಎದುರಾಗುತ್ತದೆ. ಹದಿನಾಲ್ಕರ ಹುಡುಗನೂ ಎಪ್ಪತ್ತೆಂಟರ ಅಜ್ಜಿಯೂ ಆಗ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಬಾರದ ಬಸ್ಸಿಗೆ ಕಾಯುತ್ತ.

ಇದು ತಪ್ಪಿಸಲಾಗದ ವಿಧಿಯೆಂದು ಭಾವಿಸಬೇಕಿಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ಬಳಿಯ ಹೌಟನ್, 1960ರ ದಶಕದಲ್ಲಿ ಕೆಲವೇ ಸಾವಿರ ಜನರ ಹಳ್ಳಿಯಾಗಿದ್ದದ್ದು, ಈಗ ಸುಮಾರು 50,000 ಜನರ ಊರು. ಅದೂ ಕುಟುಂಬಗಳ ಉಪನಗರವೇ, ಅಲ್ಲಿನವರೂ ಕೆಲಸಕ್ಕೆ ಬೇರೆಡೆ ಹೋಗುವವರೇ, ಅಲ್ಲಿಯೂ ಕಾರುಗಳಿವೆ. ವ್ಯತ್ಯಾಸ ದಾರಿಗಳದ್ದು. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಕಾರಿನಲ್ಲಿ ಹೋಗಬೇಕೆಂದರೆ ಹೊರವರ್ತುಲ ರಸ್ತೆಗೆ ಬಂದು ಸುತ್ತು ಹಾಕಬೇಕು. ನಡೆಯುವವರಿಗೂ ಸೈಕಲ್ಲಿನವರಿಗೂ ಊರಿನ ನಡುವೆ ನೇರ ದಾರಿ, ಅದರ ಅಂಚಿನಲ್ಲೇ ಶಾಲೆಗಳು, ಕೊನೆಗೆ ರೈಲು ನಿಲ್ದಾಣ. ಆ ಎಂಟು ವರ್ಷದ ಹುಡುಗಿಯ ಊರಿನ ನಕ್ಷೆಯನ್ನು ಮಗುಚಿ ಹಾಕಿದಂತಿದೆ ಇದು. ಸ್ಟಾಕ್‌ಹೋಮ್‌ನ ಹೊರವಲಯದಲ್ಲಿ 1954ರಲ್ಲಿ ಉದ್ಘಾಟನೆಯಾದ ವೆಲ್ಲಿಂಗ್‌ಬಿಯಲ್ಲಿ ಕೆಲಸ, ಮನೆ, ಪೇಟೆ ಮೂರನ್ನೂ ಮೆಟ್ರೊ ನಿಲ್ದಾಣದ ಸುತ್ತ ಇರಿಸಿ, ಎತ್ತರದ ಕಟ್ಟಡಗಳು ನಿಲ್ದಾಣದ ಬಳಿ, ಒಂಟಿ ಮನೆಗಳು ಅಂಚಿನಲ್ಲಿ ಎಂದು ಹಂಚಿದರು. ಇಂಥ ಮಿಶ್ರಣದಿಂದ ಸಿಗುವ ದೊಡ್ಡ ಅನುಕೂಲ, ಮಕ್ಕಳು ಹಾರಿಹೋದ ಮೇಲೆ ದಂಪತಿ ದೊಡ್ಡ ಮನೆ ಬಿಟ್ಟು, ಪರಿಚಿತ ಔಷಧದ ಅಂಗಡಿಯನ್ನೂ ಗೆಳೆಯರನ್ನೂ ಬಿಡದೆ, ಅದೇ ಊರಿನ ಚಿಕ್ಕ ಮನೆಗೆ ಹೋಗಬಹುದು. ಬಿಟ್ಟ ಮನೆಗೆ ಹೊಸ ಮಕ್ಕಳು ಬರುತ್ತಾರೆ, ಅಲೆ ಸಣ್ಣ ಸಣ್ಣ ತೆರೆಗಳಾಗಿ ಒಡೆಯುತ್ತದೆ. ಚಿಕ್ಕ ಮನೆಗಳನ್ನು ಕಟ್ಟಗೊಡಬಾರದೆಂದು ಮೂವತ್ತೈದರ ವಯಸ್ಸಿನಲ್ಲಿ ಸಹಿ ಸಂಗ್ರಹಿಸಿದವರಿಗೇ ಅರವತ್ತೈದರಲ್ಲಿ ಅಂಥ ಮನೆ ಬೇಕಾಗುತ್ತದೆ.

ಹಿತ್ತಿಲ ಗೋಡೆಯ ಕಥೆಯೊಂದು ಬಾಕಿಯಿದೆ. ಅಲ್ಲಿ ದಾರಿ ಬಿಡಿಸಬೇಕೆಂದು ಕೆಲವು ತಾಯಂದಿರು ಎರಡೂ ಬಡಾವಣೆಗಳ ಸಂಘಗಳಿಗೆ ಅರ್ಜಿ ಕೊಟ್ಟರು. ಅಪರಿಚಿತರು ಒಳಬರುತ್ತಾರೆ ಎಂದು ಒಂದು ಸಂಘ, ಮನೆಗಳ ಬೆಲೆ ಇಳಿಯುತ್ತದೆ ಎಂದು ಇನ್ನೊಂದು ಸಂಘ ಆಕ್ಷೇಪಿಸಿದವು. ಎರಡು ವರ್ಷದ ಮಾತುಕತೆಯ ನಂತರ ಒಂದು ಮೀಟರ್ ಅಗಲದ ಕಬ್ಬಿಣದ ಗೇಟು ಕೂಡಿಸಿದರು. ಅದು ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ ತೆರೆದಿರುತ್ತದೆ. ಆ ಹುಡುಗಿ ಆ ಹೊತ್ತಿಗೆ ಆಚೆ ದಿಕ್ಕಿನಲ್ಲಿರುವ ಬೇರೊಂದು ಶಾಲೆಗೆ ಸೇರಿದ್ದಳು. ಅವಳ ಅಜ್ಜಿ ಮಾತ್ರ ವಾರಕ್ಕೆರಡು ಸಲ, ಗೇಟು ತೆರೆದಿರುವ ಅರ್ಧ ಗಂಟೆಯನ್ನು ನೋಡಿಕೊಂಡು, ಆಚೆಯ ಬಡಾವಣೆಯ ಗೆಳತಿಯ ಮನೆಗೆ ನಡೆದು ಹೋಗುತ್ತಾರೆ. ಮಧ್ಯಾಹ್ನ ಗೇಟು ಮತ್ತೆ ತೆರೆಯುವವರೆಗೆ ಅಲ್ಲೇ ಇರುತ್ತಾರೆ.